ಕಾರು ಮಾರಿದರೂ ಬ್ರೇಕ್‌ಡೌನ್ ಕವರ್ ದುಡ್ಡು ಕಟ್ ಆಗುತ್ತಿದೆಯೇ? ಬ್ರಿಟನ್ನಿನಲ್ಲಿ ಆಟೋ ರಿನ್ಯೂವಲ್ ನಿಲ್ಲಿಸುವ ದಾರಿ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಾಲ್ಕು ವರ್ಷ ಇದ್ದು ಮೈಸೂರಿಗೆ ವಾಪಸ್ ಬಂದು ಐದು ತಿಂಗಳಾಗಿತ್ತು. ಹೊರಡುವ ಮೊದಲೇ ಕಾರು ಮಾರಿದ್ದೆ. ತೆರಿಗೆ ರೀಫಂಡ್ ಬರಬೇಕಿತ್ತು ಅಂತ ಅಲ್ಲಿನ ಬ್ಯಾಂಕ್ ಖಾತೆಯನ್ನು ಮಾತ್ರ ಹಾಗೇ ಇಟ್ಟುಕೊಂಡಿದ್ದೆ. ಜನವರಿಯ ಒಂದು ಮಧ್ಯಾಹ್ನ, ಊಟ ಮುಗಿಸಿ ಮಜ್ಜಿಗೆ ಲೋಟ ಎತ್ತುವಾಗ ಆ ಬ್ಯಾಂಕಿನ ಆ್ಯಪ್ ಟಿಣ್ ಎಂದಿತು. ರೀಫಂಡ್ ಬಂತು ಅಂದುಕೊಂಡು ನೋಡಿದರೆ 168 ಪೌಂಡ್ ಹೋಗಿದೆ. ಇಲ್ಲದ ಕಾರು ದಾರಿಯಲ್ಲಿ ಕೆಟ್ಟರೆ ನೆರವಿಗೆ ಬರಲು ಇನ್ನೊಂದು ವರ್ಷದ ಬ್ರೇಕ್‌ಡೌನ್ ಕವರ್! ಮೊದಲ ವರ್ಷ ಅದೇ ಕವರ್‌ಗೆ ನಾನು ಕೊಟ್ಟಿದ್ದು 64 ಪೌಂಡ್.

ದುಡ್ಡು ವಾಪಸ್ ಬಂತು ಬಿಡಿ. ಆದರೆ ಗಾಬರಿಯಲ್ಲಿ ಮೊದಲ ವಾರ ಪೂರ್ತಿ ತಪ್ಪು ಬಾಗಿಲನ್ನೇ ತಟ್ಟುತ್ತಿದ್ದೆ. ಬ್ರಿಟನ್ನಿನಲ್ಲಿರುವ, ಅಥವಾ ಅಲ್ಲಿಂದ ಗಂಟುಮೂಟೆ ಕಟ್ಟುತ್ತಿರುವ ಕನ್ನಡದವರಿಗೆ ಆ ವಾರ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹೊಸಬರಿಗೆ ಒಂದು ಮಾತು. ನಮ್ಮಲ್ಲಿ ದಾರಿ ಮಧ್ಯೆ ಕಾರು ಕೆಟ್ಟರೆ ನೆರವಿಗೆ ಬರುವ ಸೇವೆ ಸಾಮಾನ್ಯವಾಗಿ ಇನ್ಶೂರೆನ್ಸ್ ಜೊತೆ ಸೇರಿಕೊಂಡು ಬರುತ್ತದೆ, ಇಲ್ಲವೇ ಕಾರು ಕಂಪನಿಯೇ ಕೊಡುತ್ತದೆ. ಬ್ರಿಟನ್ನಿನಲ್ಲಿ ಅದನ್ನು ಬೇರೆಯಾಗಿ, ವರ್ಷದ ಸದಸ್ಯತ್ವದ ಹಾಗೆ ಕೊಳ್ಳುವವರು ಬಹಳ. ಎಎ, ಆರ್‌ಎಸಿ, ಗ್ರೀನ್ ಫ್ಲ್ಯಾಗ್ ಅಲ್ಲಿನ ದೊಡ್ಡ ಹೆಸರುಗಳು. ಆರ್‌ಎಸಿ ಶುರುವಾಗಿದ್ದು 1897ರಲ್ಲಿ, ಎಎ 1905ರಲ್ಲಿ. ಕಾರು ಓಡಿಸುವವರಿಗೆ ಪೊಲೀಸರು ವೇಗ ಹಿಡಿಯಲು ಎಲ್ಲಿ ಹೊಂಚು ಹಾಕಿದ್ದಾರೆ ಎಂದು ಮುಂಚೆಯೇ ತಿಳಿಸುವುದಕ್ಕೆ ಹುಟ್ಟಿಕೊಂಡ ಗುಂಪು ಈ ಎಎ ಎಂದರೆ ನಗು ಬರುತ್ತದೆ, ಅಲ್ವಾ? ಸೇವೆಯ ಬಗ್ಗೆ ನನಗೆ ತಕರಾರಿಲ್ಲ. ಮೋಟರ್‌ವೇ ಪಕ್ಕದಲ್ಲಿ ಮಳೆಯಲ್ಲಿ ನೆನೆಯುತ್ತಾ ನಿಂತವನಿಗೆ ಆ ವ್ಯಾನ್ ಬಂದಾಗ ಆಗುವ ಸಮಾಧಾನ ಗೊತ್ತು. ತಕರಾರಿರುವುದು ಕೇಳದೆ ಮುಂದುವರಿಯುವ ವಸೂಲಿಯ ಬಗ್ಗೆ.

ಮೊದಲು: ದುಡ್ಡು ಯಾವ ದಾರಿಯಲ್ಲಿ ಹೋಗುತ್ತಿದೆ ನೋಡಿ

ಎಲ್ಲ ಗೊಂದಲದ ಬೇರು ಇಲ್ಲಿದೆ. ಕಂಪನಿ ನಿಮ್ಮಿಂದ ಎರಡು ದಾರಿಯಲ್ಲಿ ಹಣ ಎಳೆಯಬಹುದು.

ಒಂದು, ಡೈರೆಕ್ಟ್ ಡೆಬಿಟ್. ಇದಕ್ಕೆ ನೀವು ಸಾರ್ಟ್ ಕೋಡ್ (ಬ್ಯಾಂಕ್ ಶಾಖೆಯ ಗುರುತಿನ ಸಂಖ್ಯೆ) ಮತ್ತು ಖಾತೆ ಸಂಖ್ಯೆ ಕೊಟ್ಟಿರುತ್ತೀರಿ. ಬ್ಯಾಂಕ್ ಆ್ಯಪಿನಲ್ಲಿ ಡೈರೆಕ್ಟ್ ಡೆಬಿಟ್ ಪಟ್ಟಿ ತೆರೆದರೆ ಕಾಣುತ್ತದೆ. ಅಲ್ಲೇ ರದ್ದು ಮಾಡಬಹುದು.

ಇನ್ನೊಂದು, ಕಂಟಿನ್ಯುಯಸ್ ಪೇಮೆಂಟ್ ಅಥಾರಿಟಿ. ಚಿಕ್ಕದಾಗಿ ಸಿಪಿಎ ಅನ್ನುತ್ತಾರೆ. ಕಾರ್ಡಿನ ಮುಂಭಾಗದ ಉದ್ದನೆಯ ನಂಬರ್ ಕೊಟ್ಟು ಕೊಂಡಿದ್ದರೆ ಇದೇ. ಇದು ಡೈರೆಕ್ಟ್ ಡೆಬಿಟ್ ಪಟ್ಟಿಯಲ್ಲಿ ಕಾಣುವುದಿಲ್ಲ. ಆ ಪಟ್ಟಿ ಖಾಲಿ ಇದೆ ಅಂತ ನಾನು ನೆಮ್ಮದಿಯಿಂದ ವಿಮಾನ ಹತ್ತಿದ್ದೆ. ಕೆಲವು ಆ್ಯಪ್‌ಗಳು ಈಗ ಸಬ್‌ಸ್ಕ್ರಿಪ್ಶನ್ ಎಂಬ ಬೇರೆ ಪಟ್ಟಿ ತೋರಿಸುತ್ತವೆ. ಅದನ್ನೂ ನೋಡಿ. ಆದರೆ ಅಲ್ಲಿ ಇಲ್ಲ ಎಂದಾಕ್ಷಣ ಸಿಪಿಎ ಇಲ್ಲವೇ ಇಲ್ಲ ಎಂದುಕೊಳ್ಳಬೇಡಿ. ಬೇಡ ಎಂದು ಹೇಳದಿದ್ದರೆ ವರ್ಷ ವರ್ಷ ಮುಂದುವರಿಸುತ್ತೇವೆ ಎಂಬ ಸಾಲಿನ ಪಕ್ಕದಲ್ಲಿ, ಕೊಳ್ಳುವ ದಿನವೇ, ನೀವು ಒಪ್ಪಿಗೆ ಕೊಟ್ಟಿರುತ್ತೀರಿ. ಓದಿರುವುದಿಲ್ಲ ಅಷ್ಟೇ.

ಭಾರತದಿಂದ ಹೋದವರಿಗೆ ಇಲ್ಲಿ ಒಂದು ಅಭ್ಯಾಸ ಅಡ್ಡ ಬರುತ್ತದೆ. ನಮ್ಮ ರಿಸರ್ವ್ ಬ್ಯಾಂಕ್ ನಿಯಮದಂತೆ, ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ 24 ಗಂಟೆ ಮೊದಲೇ ಮೆಸೇಜ್ ಬರಬೇಕು. 2021ರ ಅಕ್ಟೋಬರ್‌ನಿಂದ ಇದು ಜಾರಿಯಲ್ಲಿದೆ. ಮಿತಿ ಮೀರಿದ ಮೊತ್ತವಾದರೆ ಓಟಿಪಿಯೂ ಬೇಕು. ಹಾಗಾಗಿ ಓಟಿಪಿ ಬರದೆ ದುಡ್ಡು ಹೋಗಲ್ಲ ಎಂಬ ನಂಬಿಕೆ ನಮ್ಮ ರಕ್ತದಲ್ಲೇ ಇದೆ. ಬ್ರಿಟನ್ನಿನಲ್ಲಿ ಮೊದಲ ಸಲ ಕಾರ್ಡ್ ಕೊಟ್ಟಾಗ ಅದೆಲ್ಲ ಪರೀಕ್ಷೆ ನಡೆಯುತ್ತದೆ. ಆಮೇಲೆ ಕಂಪನಿಯೇ ಎಳೆದುಕೊಳ್ಳುವ ಹಣಕ್ಕೆ ನಿಮ್ಮ ಫೋನಿಗೆ ಓಟಿಪಿ ಬರುವುದಿಲ್ಲ.

ಕಾರ್ಡ್ ಬದಲಿಸಿದರೆ ಆಗುತ್ತದೆಯೇ? ಆಗುವುದಿಲ್ಲ

ನನ್ನ ದೊಡ್ಡ ತಪ್ಪು ಇದು. ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದೆ, ಹೊಸದಕ್ಕೆ ಹೇಳಿದೆ, ಕೆಲಸ ಮುಗಿಯಿತು ಅಂದುಕೊಂಡೆ. ವೀಸಾ ಮತ್ತು ಮಾಸ್ಟರ್‌ಕಾರ್ಡ್ ಎರಡರಲ್ಲೂ ಒಂದು ವ್ಯವಸ್ಥೆ ಇದೆ. ನಿಮ್ಮ ಹಳೆಯ ಕಾರ್ಡಿನ ಜಾಗಕ್ಕೆ ಹೊಸದು ಬಂದರೆ, ಹೊಸ ನಂಬರ್ ಮತ್ತು ಅವಧಿ, ಹಳೆಯದನ್ನು ಇಟ್ಟುಕೊಂಡಿರುವ ವ್ಯಾಪಾರಿಗಳಿಗೆ ತಾನಾಗಿ ತಲುಪುತ್ತದೆ. ಚಂದಾ ನಿಂತುಹೋಗದಿರಲಿ ಎಂಬುದು ಅದರ ಉದ್ದೇಶ. ನಿಲ್ಲಲಿ ಎಂದು ಬಯಸುವವರಿಗೆ ಮಾತ್ರ ಅದೇ ತೊಡಕು. ಅವಧಿ ಮುಗಿದ ಕಾರ್ಡಿನ ಮೇಲೂ ಹಣ ಹೋಯಿತು ಎಂದು ಯಾರಾದರೂ ಹೇಳಿದರೆ ಆಶ್ಚರ್ಯಪಡಬೇಡಿ.

ಎರಡನೇ ಹೆಜ್ಜೆ: ತಾರೀಖು ಹುಡುಕಿ

ರಿನ್ಯೂವಲ್ ಪತ್ರ ಅಥವಾ ಇಮೇಲ್ ಹುಡುಕಿ. ಸ್ಪ್ಯಾಮ್‌ನಲ್ಲೂ, ಪ್ರಮೋಷನ್ಸ್ ಟ್ಯಾಬ್‌ನಲ್ಲೂ ನೋಡಿ. ನನಗೆ ಅದು ಕಾಗದದಲ್ಲಿ, ರೆಡಿಂಗ್‌ನ ಹಳೆಯ ಬಾಡಿಗೆ ಮನೆಗೆ ಹೋಗಿತ್ತು. ಅಲ್ಲಿಗೆ ಬಂದ ಹೊಸಬರು ಪಾಪ, ಇನ್ನೊಂದು ಜಾಹೀರಾತು ಅಂತ ಕಸದ ಡಬ್ಬಿಗೆ ಹಾಕಿರಬೇಕು.

ಪತ್ರ ಸಿಕ್ಕಿದರೆ ಬೆಲೆಯ ಭಾಗ ನೋಡಿ. ಬ್ರಿಟನ್ನಿನ ಹಣಕಾಸು ನಿಯಂತ್ರಕ ಸಂಸ್ಥೆ ಎಫ್‌ಸಿಎ 2017ರ ಏಪ್ರಿಲ್‌ನಿಂದ ತಂದ ನಿಯಮದಂತೆ, ವಿಮೆಯ ರಿನ್ಯೂವಲ್ ಪತ್ರದಲ್ಲಿ ಹೋದ ವರ್ಷ ಎಷ್ಟು ಕೊಟ್ಟಿದ್ದಿರಿ ಎಂಬುದನ್ನೂ ತೋರಿಸಬೇಕು. 2022ರ ಜನವರಿ 1ರಿಂದ ಇನ್ನೊಂದು ಸೇರಿತು. ಆಟೋ ರಿನ್ಯೂವಲ್ ಬೇಡ ಎನ್ನುವವರಿಗೆ ಅದನ್ನು ಸುಲಭವಾಗಿ ನಿಲ್ಲಿಸುವ ದಾರಿಗಳನ್ನು ಕಂಪನಿ ಕೊಡಬೇಕು. ಅರ್ಧ ಗಂಟೆ ಸಂಗೀತ ಕೇಳಿಸಿ ಕಾಯಿಸುವ ಫೋನ್ ಲೈನ್ ಒಂದೇ ದಾರಿಯಾಗಿದ್ದರೆ, ದೂರಿನಲ್ಲಿ ಆ ಮಾತನ್ನೂ ಬರೆಯಿರಿ.

ಅದೇ 2022ರ ನಿಯಮಗಳಲ್ಲಿ, ಹಳೆಯ ಗ್ರಾಹಕರಿಗೆ ಹೊಸಬರಿಗಿಂತ ಜಾಸ್ತಿ ಬೆಲೆ ಹಾಕಬಾರದು ಎಂಬುದೂ ಇದೆ. ಆದರೆ ಅದು ಕಾರು ವಿಮೆ ಮತ್ತು ಮನೆ ವಿಮೆಗೆ ಮಾಡಿದ್ದು. ಬೇರೆಯಾಗಿ ಕೊಂಡ ಬ್ರೇಕ್‌ಡೌನ್ ಕವರ್‌ಗೂ ಅದೇ ರಕ್ಷಣೆ ಇದೆ ಎಂದು ನಂಬಿ ಕೂರಬೇಡಿ. 64 ಇದ್ದದ್ದು 168 ಆಗುವುದು ಹೀಗೆಯೇ.

ಮೂರನೇ ಹೆಜ್ಜೆ: ಬೇಕೋ ಬೇಡವೋ ತೀರ್ಮಾನಿಸಿ

ಇನ್ನೂ ಅಲ್ಲೇ ಇದ್ದೀರಿ, ಕಾರೂ ಇದೆ ಎಂದಾದರೆ ಒಮ್ಮೆ ಸುತ್ತ ನೋಡಿ. ತಿಂಗಳ ಶುಲ್ಕದ ಕೆಲವು ಬ್ಯಾಂಕ್ ಖಾತೆಗಳ ಜೊತೆ ಬ್ರೇಕ್‌ಡೌನ್ ಕವರ್ ಬರುತ್ತದೆ. ಹೊಸ ಕಾರಿನ ವಾರಂಟಿ ಜೊತೆಗೂ ಬರುತ್ತದೆ. ಕಾರು ವಿಮೆ ಕೊಳ್ಳುವಾಗ ಒಂದು ಟಿಕ್ ಹಾಕಿ ಸೇರಿಸಿಕೊಂಡಿರಲೂಬಹುದು. ಒಂದೇ ಕಾರಿಗೆ ಎರಡು ಕಡೆ ದುಡ್ಡು ಕಟ್ಟುತ್ತಿರುವವರನ್ನು ನಾನೇ ನೋಡಿದ್ದೇನೆ. ಹೋಲಿಸುವಾಗ ಮನೆ ಮುಂದೆಯೇ ಕೆಟ್ಟರೆ ಬರುತ್ತಾರೋ ಇಲ್ಲವೋ ಕೇಳಿ. ಅಗ್ಗದ ಕವರ್‌ಗಳು ಮನೆಯಿಂದ ಕಾಲು ಮೈಲಿ ದಾಟಿದ ಮೇಲಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದುಂಟು. ಚಳಿಗಾಲದ ಬೆಳಿಗ್ಗೆ ಬ್ಯಾಟರಿ ಸಾಯುವುದು ಮನೆ ಮುಂದೆಯೇ ಅಲ್ವಾ!

ಒಂದು ಎಚ್ಚರಿಕೆ. ಬ್ರೇಕ್‌ಡೌನ್ ಕವರ್ ಇರಲೇಬೇಕು ಎಂಬ ಕಾನೂನಿಲ್ಲ, ರದ್ದು ಮಾಡಿದರೆ ಯಾರೂ ಹಿಡಿಯುವುದಿಲ್ಲ. ಕಾರು ವಿಮೆ ಹಾಗಲ್ಲ. ವಿಮೆ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ 6 ಪಾಯಿಂಟ್. ಎರಡನ್ನೂ ಒಂದೇ ಕಂಪನಿಯಲ್ಲಿ ತೆಗೆದುಕೊಂಡಿದ್ದರೆ, ಆತುರದಲ್ಲಿ ತಪ್ಪು ಗುಂಡಿ ಒತ್ತಬೇಡಿ.

ನಾಲ್ಕನೇ ಹೆಜ್ಜೆ: ಕಂಪನಿಗೆ ಬರೆದು ತಿಳಿಸಿ

ಬರೆದು ಎಂಬುದು ಮುಖ್ಯ. ಫೋನಿನಲ್ಲಿ ಹೇಳಿದರೂ ಅದೇ ದಿನ ಒಂದು ಇಮೇಲ್ ಹಾಕಿ. ಚಾಟ್‌ನಲ್ಲಿ ಮಾತಾಡಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆನ್‌ಲೈನ್ ಖಾತೆಯಲ್ಲಿ ಆಟೋ ರಿನ್ಯೂವಲ್ ಆಫ್ ಮಾಡಿದ ಮೇಲೂ ಆ ಪುಟದ ಚಿತ್ರ ತೆಗೆದಿಡಿ.

ಇಲ್ಲಿ ಎರಡು ಕೆಲಸಗಳಿವೆ, ಒಂದೇ ಎಂದು ಕಾಣುತ್ತವೆ. ಆಟೋ ರಿನ್ಯೂವಲ್ ನಿಲ್ಲಿಸುವುದು ಎಂದರೆ ಈ ವರ್ಷ ಮುಗಿಯುವ ತನಕ ಕವರ್ ಇರುತ್ತದೆ, ಆಮೇಲೆ ಇರುವುದಿಲ್ಲ. ಕವರ್ ರದ್ದು ಮಾಡುವುದು ಎಂದರೆ ಇವತ್ತೇ ಮುಗಿಸುವುದು. ಹಣ ಇನ್ನೂ ಹೋಗಿಲ್ಲದಿದ್ದರೆ ಮೊದಲನೆಯದು ಸಾಕು. ಕೊಟ್ಟ ದುಡ್ಡಿಗೆ ವರ್ಷಪೂರ್ತಿ ಸೇವೆ ಪಡೆಯಿರಿ.

ಪತ್ರ ಉದ್ದ ಬೇಡ. ಪಾಲಿಸಿ ಸಂಖ್ಯೆ, ಕಾರಿನ ನಂಬರ್, ಯಾವ ತಾರೀಖಿನಿಂದ ಬೇಡ, ನನ್ನ ಕಾರ್ಡಿನಿಂದ ಹಣ ಪಡೆಯಲು ಕೊಟ್ಟಿದ್ದ ಒಪ್ಪಿಗೆಯನ್ನು ವಾಪಸ್ ಪಡೆಯುತ್ತಿದ್ದೇನೆ ಎಂಬ ಒಂದು ಸಾಲು, ಇದು ತಲುಪಿದೆ ಎಂದು ಬರೆದು ತಿಳಿಸಿ ಎಂಬ ಇನ್ನೊಂದು ಸಾಲು. ಇಷ್ಟೇ. ನಾನು ನನ್ನ ಮೊದಲ ಇಮೇಲ್‌ನಲ್ಲಿ ಮೂರು ಪ್ಯಾರಾ ಸಿಟ್ಟು ತೋರಿಸಿದ್ದೆ. ಉತ್ತರ ಬಂದಿದ್ದು ಪಾಲಿಸಿ ಸಂಖ್ಯೆ ಯಾವುದು ಅಂತ.

ಫೋನ್ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಕರೆ ಮಾಡಬೇಡಿ. ಕಂಪನಿಗೆ ಸಂಪರ್ಕ ಕೊಡಿಸುತ್ತೇವೆ ಎಂದು ನಿಮಿಷಕ್ಕಿಷ್ಟು ವಸೂಲಿ ಮಾಡುವ ನಡುವಿನವರ ನಂಬರ್‌ಗಳು ಅಲ್ಲಿ ಇರುತ್ತವೆ. ಪಾಲಿಸಿ ಕಾಗದದ ಮೇಲಿನ ನಂಬರ್ ಬಳಸಿ. ನಿಮಗೆ ರೀಫಂಡ್ ಕೊಡುತ್ತೇವೆ, ಕಾರ್ಡ್ ವಿವರ ಹೇಳಿ ಎಂದು ಯಾರಾದರೂ ತಾವಾಗಿ ಕರೆ ಮಾಡಿದರೆ ಇಟ್ಟುಬಿಡಿ. ಅನುಮಾನವಿದ್ದರೆ ಬ್ರಿಟನ್ನಿನೊಳಗಿಂದ 159ಕ್ಕೆ ಕರೆ ಮಾಡಿ, ಬಹುತೇಕ ದೊಡ್ಡ ಬ್ಯಾಂಕುಗಳಿಗೆ ಅಲ್ಲಿಂದ ಸಂಪರ್ಕ ಸಿಗುತ್ತದೆ.

ಕವರ್ ಬೇಕು, ಬೆಲೆ ಬೇಡ ಎನ್ನುವವರು ಇದೇ ಹೊತ್ತಿನಲ್ಲಿ ಚೌಕಾಸಿ ಮಾಡಬಹುದು. ಹೊಸ ಗ್ರಾಹಕರಿಗೆ ಅದೇ ಕಂಪನಿ ವೆಬ್‌ಸೈಟ್‌ನಲ್ಲಿ ಎಷ್ಟು ಹೇಳುತ್ತಿದೆ ಎಂದು ನೋಡಿಕೊಂಡು, ಬಿಡುತ್ತೇನೆ ಎಂದು ಹೇಳಿ. ಬಿಟ್ಟು ಹೋಗುವವರನ್ನು ಹಿಡಿದಿಟ್ಟುಕೊಳ್ಳಲೆಂದೇ ಬೇರೆ ತಂಡ ಇರುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಎರಡು ಹೆಜ್ಜೆ ಮುಂದೆ ಹೋದರೆ ಹಿಂದಿನಿಂದ ಕರೆಯುತ್ತಾರಲ್ಲ, ಅದೇ ಲೆಕ್ಕ.

ಐದನೇ ಹೆಜ್ಜೆ: ಬ್ಯಾಂಕಿಗೂ ಹೇಳಿ

ಕಂಪನಿಗೆ ಮಾತ್ರ ಹೇಳಿ ಬಿಡಬೇಡಿ. ಬ್ಯಾಂಕಿಗೆ ಮಾತ್ರ ಹೇಳಿಯೂ ಬಿಡಬೇಡಿ. ಬ್ಯಾಂಕಿನಲ್ಲಿ ಪಾವತಿ ನಿಲ್ಲಿಸಿದರೆ ಒಪ್ಪಂದ ಮುರಿಯುವುದಿಲ್ಲ. ಕವರ್ ನಡೆಯುತ್ತಿದೆ, ದುಡ್ಡು ಬಾಕಿ ಇದೆ ಎಂದು ಕಂಪನಿ ಪತ್ರ ಕಳಿಸಬಹುದು.

ಸಿಪಿಎ ಆಗಿದ್ದರೆ ಬ್ಯಾಂಕಿಗೆ ನೇರವಾಗಿ ಹೇಳಿ ರದ್ದು ಮಾಡಿಸುವ ಹಕ್ಕು ನಿಮಗಿದೆ. ಹಣ ಹೋಗಬೇಕಾದ ದಿನದ ಹಿಂದಿನ ಕೆಲಸದ ದಿನ ಮುಗಿಯುವುದರೊಳಗೆ ಹೇಳಿರಬೇಕು. ಕಂಪನಿಯನ್ನೇ ಮೊದಲು ಕೇಳಿ ಎಂದು ಕೌಂಟರಿನವರು ಹೇಳಿದರೆ ಒಪ್ಪಬೇಡಿ. ಕಂಪನಿಗೆ ಹೇಳುವುದು ಒಳ್ಳೆಯದು ನಿಜ, ಆದರೆ ಅವರ ಅನುಮತಿ ಬೇಕಿಲ್ಲ. ನಿಮ್ಮ ಹಣ, ನಿಮ್ಮ ಒಪ್ಪಿಗೆ. ಸಿಪಿಎ ರದ್ದು ಮಾಡಿ ಎಂದು ಅದೇ ಪದ ಬಳಸಿ ಹೇಳಿ. ಕಾರ್ಡ್ ಬ್ಲಾಕ್ ಮಾಡಿ ಎಂದರೆ ಅವರು ಕಾರ್ಡನ್ನಷ್ಟೇ ಬ್ಲಾಕ್ ಮಾಡುತ್ತಾರೆ, ನನಗೆ ಮಾಡಿದ ಹಾಗೆ. ಮಾತಾಡಿದ ದಿನ, ಹೊತ್ತು ಬರೆದಿಟ್ಟುಕೊಳ್ಳಿ.

ರದ್ದು ಮಾಡಿದ ಮೇಲೂ ಹಣ ಹೋದರೆ ಅದು ಒಪ್ಪಿಗೆ ಇಲ್ಲದ ಪಾವತಿ. 2017ರ ಪೇಮೆಂಟ್ ಸರ್ವಿಸಸ್ ನಿಯಮಗಳ ಪ್ರಕಾರ ಬ್ಯಾಂಕೇ ಅದನ್ನು ವಾಪಸ್ ಕೊಡಬೇಕು. ನೀವು ತಡ ಮಾಡದೆ ತಿಳಿಸಬೇಕು. ಏನೇ ಆದರೂ 13 ತಿಂಗಳು ದಾಟಬಾರದು.

ಹಣ ಈಗಾಗಲೇ ಹೋಗಿದ್ದರೆ

ದಿನ ಎಣಿಸಿ. ವಿಮೆಯ ಒಪ್ಪಂದಕ್ಕೆ ಸಾಮಾನ್ಯವಾಗಿ 14 ದಿನಗಳ ಕೂಲಿಂಗ್ ಆಫ್ ಅವಧಿ ಇರುತ್ತದೆ. ರಿನ್ಯೂವಲ್‌ಗೂ ಇದು ಸಿಗುತ್ತದೆ. ಹೊಸ ಅವಧಿ ಶುರುವಾದ ದಿನ ಅಥವಾ ಪಾಲಿಸಿ ಕಾಗದ ನಿಮ್ಮ ಕೈಸೇರಿದ ದಿನ, ಯಾವುದು ತಡವೋ ಅಲ್ಲಿಂದ ಎಣಿಕೆ. ಶನಿವಾರ, ಭಾನುವಾರವೂ ಲೆಕ್ಕಕ್ಕೆ ಬರುತ್ತವೆ. ಈ ಅವಧಿಯಲ್ಲಿ ಕಾರಣ ಹೇಳಬೇಕಿಲ್ಲ. ಬೇಡ ಎಂದರೆ ಸಾಕು. ಕವರ್ ನಡೆದ ದಿನಗಳ ಮಟ್ಟಿಗೆ ಒಂದಿಷ್ಟು ಹಿಡಿದುಕೊಳ್ಳಬಹುದು. ಅಷ್ಟರಲ್ಲಿ ನೀವು ವ್ಯಾನ್ ಕರೆಸಿಕೊಂಡಿದ್ದರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ.

ನಾನು ಕಾರ್ಡ್ ಬದಲಿಸಿಕೊಂಡು ಆರು ದಿನ ಸುಮ್ನೆ ಕಳೆದಿದ್ದೆ. ಏಳನೇ ದಿನ ಸರಿಯಾದ ಇಮೇಲ್ ಹೋಯಿತು, ಪಾಲಿಸಿ ಸಂಖ್ಯೆ ಸಮೇತ. ಮೂರು ಪೌಂಡ್ ಚಿಲ್ಲರೆ ಮುರಿದುಕೊಂಡು ಉಳಿದದ್ದು ಕೊಟ್ಟರು. ಹದಿನೈದನೇ ದಿನ ಬರೆದಿದ್ದರೆ ಕಥೆ ಬೇರೆ ಇರುತ್ತಿತ್ತು.

14 ದಿನ ದಾಟಿದ್ದರೆ ಷರತ್ತುಗಳನ್ನು ಓದಲೇಬೇಕು. ಕೆಲವು ಕಂಪನಿಗಳು ಆಮೇಲೆ ಏನೂ ಕೊಡುವುದಿಲ್ಲ. ಆದರೂ ಕೈಬಿಡಬೇಡಿ, ಕೇಳಲು ಕಾರಣಗಳಿವೆ. ರಿನ್ಯೂವಲ್ ನೋಟಿಸ್ ನಿಮಗೆ ಕಳಿಸಿದ್ದಕ್ಕೆ ಏನು ದಾಖಲೆ ಇದೆ? ಯಾವ ವಿಳಾಸಕ್ಕೆ? ವಿಳಾಸ ಬದಲಾದದ್ದನ್ನು ನೀವು ತಿಳಿಸಿದ್ದಿರಾ? ಆಟೋ ರಿನ್ಯೂವಲ್ ಬೇಡ ಎಂದು ಮೊದಲೇ ಹೇಳಿದ್ದಿರಾ? ಕವರ್ ಕಾರಿನ ಹೆಸರಿನಲ್ಲಿದ್ದು ಕಾರೇ ಮಾರಿದ್ದರೆ, ಮಾರಿದ ದಾಖಲೆಯನ್ನೂ ಸೇರಿಸಿ. ಕವರ್ ನಿಮ್ಮ ಹೆಸರಿನಲ್ಲಿದ್ದರೆ ಈ ವಾದ ನಿಲ್ಲುವುದಿಲ್ಲ. ನೀವು ಯಾರ ಕಾರಿನಲ್ಲಿ ಕೂತರೂ ಅದು ಅನ್ವಯಿಸುತ್ತದೆ ಎನ್ನುತ್ತಾರೆ.

ಡೈರೆಕ್ಟ್ ಡೆಬಿಟ್ ಆಗಿದ್ದರೆ ಇನ್ನೊಂದು ಬಲ ಇದೆ. ಡೈರೆಕ್ಟ್ ಡೆಬಿಟ್ ಗ್ಯಾರಂಟಿ ಎಂಬ ಏರ್ಪಾಡಿನಲ್ಲಿ, ಮೊತ್ತ ಅಥವಾ ತಾರೀಖು ಬದಲಾಗುವುದನ್ನು ಮೊದಲೇ ತಿಳಿಸದೆ ಹಣ ಎಳೆದಂಥ ತಪ್ಪಾಗಿದ್ದರೆ ಬ್ಯಾಂಕ್ ಪೂರ್ತಿ ಹಣವನ್ನು ತಕ್ಷಣ ವಾಪಸ್ ಹಾಕಬೇಕು. ಆದರೆ ನಿಮಗೆ ಸಲ್ಲದ ರೀಫಂಡ್ ಪಡೆದರೆ ಕಂಪನಿ ಕೇಳಿದಾಗ ಹಿಂತಿರುಗಿಸಬೇಕಾಗುತ್ತದೆ. ಹಾಗಾಗಿ ಇದನ್ನು ಅಡ್ಡದಾರಿಯಾಗಿ ಬಳಸಬೇಡಿ. ಕಾರ್ಡ್ ಪಾವತಿಗೆ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕ್ ಮೂಲಕ ಕಂಪನಿಯಿಂದ ಹಣ ವಾಪಸ್ ತರಿಸುವುದನ್ನು, ಕೇಳಬಹುದು, ಸಾಮಾನ್ಯವಾಗಿ 120 ದಿನದೊಳಗೆ. ಅದು ಕಾನೂನಿನ ಹಕ್ಕಲ್ಲ, ಕಾರ್ಡ್ ಕಂಪನಿಗಳ ನಿಯಮ. ರದ್ದು ಮಾಡಿದ್ದಕ್ಕೆ ಲಿಖಿತ ಪುರಾವೆ ಇದ್ದರೆ ಗಟ್ಟಿಯಾಗಿ ನಿಲ್ಲುತ್ತದೆ.

ಒಪ್ಪದಿದ್ದರೆ ದೂರು

ದೂರು ಎಂಬ ಪದವನ್ನು ಬಳಸಿಯೇ ಬರೆಯಿರಿ. ವಿಚಾರಣೆ, ವಿನಂತಿ ಎಂದರೆ ಎಲ್ಲೋ ಒಂದು ಕಡತದಲ್ಲಿ ಕೂರುತ್ತದೆ. ನಿಯಂತ್ರಣಕ್ಕೆ ಒಳಪಟ್ಟ ಕಂಪನಿಗೆ ಕೊನೆಯ ಉತ್ತರ ಕೊಡಲು 8 ವಾರ ಇರುತ್ತದೆ. ಉತ್ತರ ಒಪ್ಪಿಗೆಯಾಗದಿದ್ದರೆ, ಅಥವಾ 8 ವಾರ ಕಳೆದರೂ ಬರದಿದ್ದರೆ, ಹಣಕಾಸು ಕಂಪನಿಗಳ ಮೇಲಿನ ದೂರುಗಳನ್ನು ತೀರ್ಮಾನಿಸುವ ಫೈನಾನ್ಶಿಯಲ್ ಒಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಬಹುದು. ಗ್ರಾಹಕರಿಗೆ ಉಚಿತ. ಕೊನೆಯ ಉತ್ತರ ಬಂದ ದಿನದಿಂದ 6 ತಿಂಗಳೊಳಗೆ ಹೋಗಬೇಕು. ಆನ್‌ಲೈನ್ ಅರ್ಜಿ ಇದೆ, ಮೈಸೂರಿನಲ್ಲಿ ಕೂತೂ ತುಂಬಬಹುದು.

ಒಂದು ಸೂಕ್ಷ್ಮ ಇದೆ. ಬ್ರಿಟನ್ನಿನ ಕಾನೂನಿನಲ್ಲಿ ಕೆಲವು ಬಗೆಯ ಬ್ರೇಕ್‌ಡೌನ್ ಸೇವೆಗೆ ವಿಮೆಯ ಪರವಾನಗಿಯಿಂದ ವಿನಾಯಿತಿ ಇದೆ. ಹಣದ ಬದಲು ನೆರವನ್ನೇ ಕೊಡುತ್ತಾರೆ ಎಂಬುದು ಕಾರಣ. ಪಾಲಿಸಿ ಪುಸ್ತಕದ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಎಕ್ಸೆಂಪ್ಟ್ ಎಂಬ ಪದ ಇದೆಯೇ ನೋಡಿ. ಇದ್ದರೆ ಮೇಲೆ ಹೇಳಿದ ಎಫ್‌ಸಿಎ ನಿಯಮಗಳೆಲ್ಲ ಹಾಗೆಯೇ ಅನ್ವಯಿಸದಿರಬಹುದು. ಆಗ ಕಂಪನಿಯದೇ ಷರತ್ತುಗಳನ್ನು, ಬ್ಯಾಂಕಿನ ದಾರಿಯನ್ನು ಗಟ್ಟಿಯಾಗಿ ಹಿಡಿಯಿರಿ. 2015ರ ಕನ್ಸ್ಯೂಮರ್ ರೈಟ್ಸ್ ಆ್ಯಕ್ಟ್ ಕೂಡ ಕೈಗೆ ಬರುತ್ತದೆ. ತಾನಾಗಿ ಮುಂದುವರಿಯುವ ಒಪ್ಪಂದವನ್ನು ಬೇಡ ಎನ್ನಲು ವಿಪರೀತ ಮುಂಚೆಯೇ ಗಡುವು ಇಟ್ಟಿದ್ದರೆ ಅದು ಅನ್ಯಾಯದ ಷರತ್ತಾಗಬಹುದು ಎನ್ನುತ್ತದೆ ಆ ಕಾಯ್ದೆ. ಇಂಗ್ಲೆಂಡ್ ಅಥವಾ ವೇಲ್ಸ್‌ನಲ್ಲೇ ಇದ್ದರೆ ಸಿಟಿಜನ್ಸ್ ಅಡ್ವೈಸ್ ಗ್ರಾಹಕ ಸಹಾಯವಾಣಿ 0808 223 1133ರಲ್ಲಿ ಉಚಿತ ಸಲಹೆ ಸಿಗುತ್ತದೆ.

ಊರಿಗೆ ವಾಪಸ್ ಹೊರಟವರಿಗೆ

ಕಾರು ಮಾರಿ, ಅಲ್ಲಿನ ಆರ್‌ಟಿಓ ಹಾಗಿರುವ ಡಿವಿಎಲ್‌ಎಗೆ ತಿಳಿಸಿದರೆ ರೋಡ್ ಟ್ಯಾಕ್ಸ್ ತಾನಾಗಿ ನಿಲ್ಲುತ್ತದೆ, ಉಳಿದ ಪೂರ್ತಿ ತಿಂಗಳುಗಳ ಹಣವೂ ವಾಪಸ್ ಬರುತ್ತದೆ. ಎಷ್ಟು ಸಲೀಸು! ಅದೇ ಸಲೀಸು ಎಲ್ಲದಕ್ಕೂ ಇದೆ ಎಂದು ಮನಸ್ಸು ನಂಬಿಬಿಡುತ್ತದೆ. ಕಾರು ವಿಮೆಯವರಿಗೆ, ಬ್ರೇಕ್‌ಡೌನ್ ಕಂಪನಿಗೆ ಡಿವಿಎಲ್‌ಎ ಹೋಗಿ ಹೇಳುವುದಿಲ್ಲ. ನೀವೇ ಹೇಳಬೇಕು, ಬೇರೆ ಬೇರೆಯಾಗಿ.

ಹೊರಡುವ ತಿಂಗಳು ಮೊದಲೇ ಬ್ಯಾಂಕ್ ಮತ್ತು ಕಂಪನಿಯಲ್ಲಿ ಇಮೇಲ್ ವಿಳಾಸ ಸರಿಯಿದೆಯೇ ನೋಡಿ. ಆಫೀಸಿನ ಇಮೇಲ್ ಕೊಟ್ಟಿದ್ದರೆ ಕೆಲಸ ಬಿಟ್ಟ ದಿನವೇ ಅದು ಮುಚ್ಚುತ್ತದೆ. ಬಳಸದೆ ಬಿಟ್ಟ ಯುಕೆ ಸಿಮ್ ಕೆಲವು ತಿಂಗಳಲ್ಲಿ ಸತ್ತುಹೋಗುತ್ತದೆ. ಆಮೇಲೆ ಬ್ಯಾಂಕಿನ ಓಟಿಪಿ ಎಲ್ಲಿಗೆ ಬರಬೇಕು? ರದ್ದು ಮಾಡಲು ಲಾಗಿನ್ ಆಗಬೇಕು, ಲಾಗಿನ್‌ಗೆ ಆ ಸಿಮ್ ಬೇಕು. ಸಿಮ್ ಜೀವಂತ ಇರುವಾಗಲೇ ಎಲ್ಲ ಮುಗಿಸಿ.

ಕೊನೆಗೆ ಸ್ಟೇಟ್‌ಮೆಂಟ್. ಮೂರು ತಿಂಗಳದ್ದು ನೋಡಿದರೆ ವರ್ಷಕ್ಕೊಮ್ಮೆ ಹೋಗುವ ಹಣ ಕಣ್ಣಿಗೆ ಬೀಳುವುದೇ ಇಲ್ಲ. ಪೂರ್ತಿ 12 ತಿಂಗಳದ್ದು ಡೌನ್‌ಲೋಡ್ ಮಾಡಿ, ಸಾಲು ಸಾಲಾಗಿ ನೋಡಿ. ಅಂಗಡಿಯ ಹೆಸರು ಒಂದು, ಸ್ಟೇಟ್‌ಮೆಂಟ್‌ನಲ್ಲಿ ಬರುವ ಹೆಸರು ಇನ್ನೊಂದು ಇರಬಹುದು. ಗುರುತು ಸಿಗದ್ದನ್ನೆಲ್ಲ ಪೆನ್ನಿನಲ್ಲಿ ಗುರುತು ಹಾಕಿ. 168 ಪೌಂಡಿನ ಪಾಠ ಕಲಿತ ಮೇಲೆ ನಾನೂ ಹಾಗೇ ಕೂತು ನೋಡಿದೆ. ಬರ್ಕ್‌ಷೈರ್ ಕಡೆಯ ಒಂದು ಸಣ್ಣ ಮೃಗಾಲಯದ ವಾರ್ಷಿಕ ಸದಸ್ಯತ್ವ ಸಿಕ್ಕಿತು, ಮಾರ್ಚ್‌ನಲ್ಲಿ ರಿನ್ಯೂ ಆಗಲು ಕಾಯುತ್ತಿತ್ತು. ನಾನು ಅದನ್ನು ರದ್ದು ಮಾಡುತ್ತಿದ್ದ ಮನೆಯಿಂದ ಮೈಸೂರು ಝೂ ನಡೆದು ಹೋಗುವಷ್ಟು ದೂರ.